ಅಣಶಿಯ ಮಂಜನ್ನು ಫೋಟೊದಲ್ಲಿ ಓದುವ ಬಗೆ

ಮಳೆಗಾಲ ಹಿಡಿಯಿತೆಂದರೆ ಅಣಶಿ ಘಟ್ಟದ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ನೋಡಿದವರು 'ಎಂಥ ಜಾಗ!' ಎನ್ನುತ್ತಾರೆ. ಆ ಉದ್ಗಾರ ಕಾಡಿಗೆ ಸಲ್ಲಬೇಕಾದದ್ದು. ಅದರಲ್ಲಿ ಛಾಯಾಗ್ರಾಹಕರ ಪಾಲೆಷ್ಟು ಎಂದು ತಿಳಿಯಬೇಕಾದರೆ ಮೊದಲು ಮಂಜನ್ನು ನೋಡಿ.

ಕದ್ರಾದಿಂದ ಮೇಲೇರುವ ರಸ್ತೆಯಲ್ಲಿ ಬಿಸಿಲಿರುವಾಗ ಎದುರಿನ ಕಾಡು ಒಂದೇ ಹಸಿರು ಗೋಡೆ. ಮಂಜು ಬಂದಾಗ ಗುಡ್ಡಗಳು ಬೇರೆಬೇರೆಯಾಗುತ್ತವೆ: ಹತ್ತಿರದ್ದು ಕಪ್ಪು, ಅದರಾಚೆಯದು ಬೂದು, ಕೊನೆಯದು ಆಕಾಶದಲ್ಲಿ ಕರಗಿದಂತೆ. ಒಳ್ಳೆಯ ಚಿತ್ರದಲ್ಲಿ ಈ ಪದರಗಳನ್ನು ಎಣಿಸಬಹುದು. ಕ್ಯಾಮೆರಾದ ಮೀಟರ್ ಬಿಳಿಯನ್ನೂ ಬೂದು ಮಾಡಲು ಹೊರಡುತ್ತದೆ. ಅದರ ಮಾತು ಕೇಳಿದರೆ ಮಂಜು ಹೊಗೆಯಾಗುತ್ತದೆ. ಅನುಭವಿಗಳು ಎಕ್ಸ್‌ಪೋಶರನ್ನು ಸುಮಾರು ಒಂದು ಸ್ಟಾಪ್ ಏರಿಸುತ್ತಾರೆ. ಹೆಚ್ಚಾದರೆ ಬರೀ ಬಿಳಿ ಕಾಗದ. ಬಿಳುಪಿನೊಳಗೆ ಮರವೊಂದರ ನೆತ್ತಿ ಇನ್ನೂ ಕಾಣುತ್ತಿದೆಯೇ? ಕಾಣುತ್ತಿದ್ದರೆ ಕೈ ಪಳಗಿದ್ದು.

ಅಮೆರಿಕದಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು 1932ರಲ್ಲಿ ಕಟ್ಟಿದ 'ಎಫ್/64' ಗುಂಪಿಗೆ ಕಾಲಬುಡದ ಕಲ್ಲಿನಿಂದ ದೂರದ ಶಿಖರದವರೆಗೆ ಎಲ್ಲವೂ ನಿಚ್ಚಳವಾಗಿರಬೇಕಿತ್ತು. ಜುಲೈ ತಿಂಗಳ ಅಣಶಿಯನ್ನು ಆ ಅಳತೆಗೋಲಿನಲ್ಲಿ ಅಳೆಯಬೇಡಿ.

ಮುಂದೆ ನೀರು. ಒಂದೆರಡು ಸೆಕೆಂಡು ಶಟರ್ ತೆರೆದಿಟ್ಟರೆ ಯಾವ ಝರಿಯಾದರೂ ಹಾಲಾಗುತ್ತದೆ, 1/500ರಲ್ಲಿ ಹನಿಹನಿಯೂ ನಿಂತುಬಿಡುತ್ತದೆ. ಹಾಲಿನ ಮೋಹ ನಮ್ಮಲ್ಲಿ ಅತಿಯಾಗಿದೆ. ಮಣ್ಣು ಹೊತ್ತು ಧುಮುಕುವ ಕೆನ್ನೀರಿಗೆ ಆ ನಯ ಒಪ್ಪುವುದಿಲ್ಲ. 1/8ರ ಆಸುಪಾಸಿನಲ್ಲಿ ನೀರಿನ ಎಳೆಗಳೂ ಉಳಿಯುತ್ತವೆ, ರಭಸವೂ ಉಳಿಯುತ್ತದೆ.

ಹಸಿರಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಒದ್ದೆ ಎಲೆ ಆಕಾಶವನ್ನು ಪ್ರತಿಫಲಿಸಿ ಬೆಳ್ಳಗೆ ಮಿನುಗುತ್ತದೆ. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಆ ಮಿನುಗು ಅಳಿದು ಎಲೆಯ ನಿಜಬಣ್ಣ ಮೇಲೆ ಬರುತ್ತದೆ. ಪೂರ್ತಿ ಅಳಿಸಿದರೋ, ಮಳೆಯೇ ಬಿದ್ದಿಲ್ಲವೆನಿಸುತ್ತದೆ. ತುದಿಗಳಲ್ಲಿ ಅಷ್ಟಿಷ್ಟು ಹೊಳಪು ಉಳಿಸಿದವರನ್ನು ನಾನು ಮೆಚ್ಚುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಏರಿಸಿದ ಚಿತ್ರದಲ್ಲಿ ಕಾಡೆಲ್ಲ ಒಂದೇ ಗಿಳಿಹಸಿರು. ಅಣಶಿಯ ಕಾಡಿನಲ್ಲಿ ಕರಿಹಸಿರು, ಹಳದಿ ಬೆರೆತ ಹಸಿರು, ಬೇಸಿಗೆಯ ಹೊಸ್ತಿಲಲ್ಲಿ ಕೆಂಪು ಚಿಗುರು, ಎಲ್ಲವೂ ಇವೆ.

ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಸ್ತೆ ಬಿಟ್ಟು ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಎಷ್ಟೋ ಚಿತ್ರಗಳು ಅವೇ ತಿರುವುಗಳಿಂದ ತೆಗೆದವು. ಕಲಿಯುವವರಿಗೆ ಇದೇ ಅನುಕೂಲ. ಒಂದೇ ಗುಡ್ಡವನ್ನು ಇಬ್ಬರು ತೆಗೆದದ್ದನ್ನು ಪಕ್ಕಪಕ್ಕ ಇಡಿ. ಒಬ್ಬರು ಉದ್ದ ಲೆನ್ಸ್ ಹಾಕಿ ದೂರದ ಸಾಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ, ಇನ್ನೊಬ್ಬರು ಅಗಲ ಲೆನ್ಸಿನಲ್ಲಿ ರಸ್ತೆಬದಿಯ ಜರಿಗಿಡವನ್ನು ಮುಂದಿಟ್ಟು ಗುಡ್ಡವನ್ನು ಹಿಂದಕ್ಕೆ ಸರಿಸಿರುತ್ತಾರೆ. ನಿಮ್ಮ ಕಣ್ಣು ಯಾವುದರಲ್ಲಿ ಹೆಚ್ಚು ಹೊತ್ತು ಅಲೆಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಗಮನಿಸಿ.