ಹಳ್ಳಿಕಾರಿನ ಬೂದು

ಹಳ್ಳಿಕಾರ್ ಎತ್ತಿಗೆ ಬೂದುಬಣ್ಣ ಹಚ್ಚುವ ಬಗೆ ಹೇಗೆಂದು ಈ ವಾರ ಬರೆಯುತ್ತೇನೆ ಎಂದಿದ್ದೆ. ಉತ್ತರ ಚಿಕ್ಕದು: ಬೂದುಬಣ್ಣ ಹಚ್ಚಲೇಬಾರದು. ತಟ್ಟೆಯಲ್ಲಿ ಕಪ್ಪಿಗೆ ಬಿಳಿ ಕಲಸಿ ಮಾಡಿದ ಬೂದು ಸಿಮೆಂಟಿನ ಬೂದು. ಅದರಿಂದ ಎಷ್ಟೇ ತಿದ್ದಿದರೂ ಎತ್ತಿನ ಮೈಗೆ ಜೀವ ಬರುವುದಿಲ್ಲ.

ಮೊದಲು ಎತ್ತಿನ ಮೈಯನ್ನು ಹತ್ತಿರದಿಂದ ನೋಡಿ. ಗಂಗೆದೊಗಲಿನ ಮಡಿಕೆಯಲ್ಲಿ ಬೆರಳಿಟ್ಟು ಕೂದಲನ್ನು ಎದುರು ದಿಕ್ಕಿಗೆ ಸವರಿದರೆ ಕೆಳಗೆ ಕಾಣುವುದು ಕಪ್ಪು ಚರ್ಮ. ಮೇಲಿರುವ ಕೂದಲು ಬಿಳಿ. ಕೂದಲು ದಟ್ಟವಾಗಿರುವ ಕಡೆ ಮೈ ಬೆಳ್ಳಗೆ ಕಾಣುತ್ತದೆ. ಕಿವಿಯ ಬುಡ, ತೊಡೆಯ ಸಂದಿನಂಥ ತೆಳುಗೂದಲಿನ ಜಾಗಗಳಲ್ಲಿ ನೀಲಿ ಬೆರೆತ ಹೊಗೆಬಣ್ಣ ಇಣುಕುತ್ತದೆ. ಹೋರಿಯ ಕೊರಳು, ಹಿಣಿಲು, ಹಿಂದೊಡೆಗಳಲ್ಲಿ ಕಪ್ಪು ಕೂದಲೂ ಸೇರಿಕೊಂಡು ಬಣ್ಣ ಗಾಢವಾಗುತ್ತದೆ. ಬೀಜ ಒಡೆಸಿದ ಎತ್ತು ಅದಕ್ಕಿಂತ ತಿಳಿ. ಅಂದರೆ ಬೂದು ಎಂಬುದು ಆ ಪ್ರಾಣಿಯ ಮೈಮೇಲೆ ಎಲ್ಲೂ ಇಲ್ಲ. ಕಪ್ಪಿನ ಮೇಲೆ ಬಿಳಿ ಹರಡಿದ್ದನ್ನು ನಮ್ಮ ಕಣ್ಣು ಬೂದು ಎಂದು ಓದುತ್ತದೆ.

ಕ್ಯಾನ್ವಾಸಿನ ಮೇಲೂ ಅದೇ ಕ್ರಮ. ಇಡೀ ಆಕೃತಿಗೆ ಅಕ್ರಿಲಿಕ್‌ನ ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿದ ಕಡುಬಣ್ಣ ಬಳಿಯಿರಿ. ಪೂರ್ತಿ ಒಣಗಲಿ. ಆಮೇಲೆ ಟೈಟೇನಿಯಂ ವೈಟನ್ನು ಚಪ್ಪಟೆ ಕುಂಚಕ್ಕೆ ತೆಗೆದುಕೊಂಡು, ಬಟ್ಟೆಗೆ ಒರೆಸಿ, ಕುಂಚದಲ್ಲಿ ಉಳಿದಷ್ಟರಿಂದಲೇ ಕೂದಲು ಮಲಗಿದ ದಿಕ್ಕಿಗೆ ಎಳೆಯಿರಿ. ಭುಜದ ಮೇಲೆ ನಾಲ್ಕು ಪದರ, ಪಕ್ಕೆಯ ಮೇಲೆ ಎರಡು, ಸಂದಿನಲ್ಲಿ ಅರ್ಧ. ಕಪ್ಪಿನ ಮೇಲೆ ತೆಳ್ಳಗೆ ಕೂತ ಬಿಳಿ ತಾನಾಗಿಯೇ ನೀಲಿ ಛಾಯೆ ಕೊಡುತ್ತದೆ; ಮೇಲಿನ ಪದರಕ್ಕೆ ನೀವು ನೀಲಿ ಮುಟ್ಟುವುದೇ ಬೇಡ. ತೈಲವರ್ಣದ ಹಳೆಯ ಗುರುಗಳು ಮನುಷ್ಯರ ಚರ್ಮದ ನೆರಳು ಬರೆಯಲು ಇದನ್ನೇ ಬಳಸಿದರು.

ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್, ಪ್ರಾಣಿಯ ಮೈಗೆ ತೈಲವರ್ಣವೇ ಆಗಬೇಕು ಎನ್ನುವ ಹಿರಿಯರ ಒಂದು ಪಂಥ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಅವರಿಗೆ ನನ್ನ ಉತ್ತರ ಈ ಪದರಗಳೇ. ಎಣ್ಣೆಯಲ್ಲಿ ಒಂದು ಪದರ ಒಣಗಲು ದಿನಗಟ್ಟಲೆ ಕಾಯಬೇಕು, ಆತುರಪಟ್ಟರೆ ಕೆಳಗಿನ ಕಪ್ಪು ಎದ್ದು ಬಿಳಿಯನ್ನು ಕೆಡಿಸುತ್ತದೆ. ಅಕ್ರಿಲಿಕ್‌ನಲ್ಲಿ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಕೆಳಪದರ ಗಟ್ಟಿಯಾಗಿ ಕೂತಿರುತ್ತದೆ. ಕೂದಲು ಕೂದಲಾಗಿ ಮೈ ಕಟ್ಟಲು ಇದಕ್ಕಿಂತ ಒಳ್ಳೆಯ ಮಾಧ್ಯಮ ನನಗೆ ಗೊತ್ತಿಲ್ಲ. ಒದ್ದೆಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿದ್ದು, ಒಣಗುತ್ತಾ ತಿಳಿಯಾಗಿ ಬಣ್ಣವನ್ನು ಒಂದು ಮೆಟ್ಟಿಲು ಗಾಢ ಮಾಡುತ್ತದೆ ಎಂಬುದೊಂದನ್ನು ಮರೆಯದಿದ್ದರೆ ಸಾಕು. ಬೇಸಿಗೆಯಲ್ಲಿ ಬಣ್ಣ ಬೇಗ ಒಣಗದಂತೆ ತಟ್ಟೆಯ ತಳಕ್ಕೆ ಒದ್ದೆ ಬಟ್ಟೆ, ಅದರ ಮೇಲೆ ಬೆಣ್ಣೆಕಾಗದ ಹಾಸಿಕೊಳ್ಳಿ.

ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ. ಆದರೆ ಮೈ ಎಷ್ಟೇ ಚೆನ್ನಾಗಿ ಬಂದರೂ ಕೊಂಬು ತಪ್ಪಿದರೆ ಎಲ್ಲ ವ್ಯರ್ಥ. ಈಚೆಗೆ ತಪ್ಪುತ್ತಿರುವುದು ಅದೇ.

ನಗರದ ಮನೆಗಳ ಗೋಡೆಗಳನ್ನು ಈಗ ಪಿಚ್ವಾಯಿ ಹಸುಗಳ ನಕಲುಗಳು ತುಂಬಿಕೊಂಡಿವೆ. ನಾಥದ್ವಾರದ ಕಲಾವಿದರು ಶ್ರೀನಾಥಜಿಯ ಹಿಂದಿನ ಪರದೆಗೆಂದು ಬರೆದ ಹಸುಗಳು ಆ ಸನ್ನಿಧಿಗೆ ಸೇರಿದವು, ಅಲ್ಲಿ ಅವು ಅದ್ಭುತ. ಅದೇ ಬಾದಾಮಿಗಣ್ಣು, ಅದೇ ಪುಟ್ಟ ಕೋಡುಗಳನ್ನು ತಂದು ಹಳ್ಳಿಕಾರ್ ಎಂದು ಹೆಸರಿಟ್ಟು ಮಾರುವುದನ್ನು ನಾನು ಒಪ್ಪಲಾರೆ. ಇನ್ನೊಂದು ಕಡೆ ಮೊಬೈಲ್ ಫೋಟೋ ನೋಡಿ ಬರೆಯುವವರು. ಮೂತಿಯ ಹತ್ತಿರ ಹಿಡಿದ ಕ್ಯಾಮೆರಾ ಮೂತಿಯನ್ನು ಉಬ್ಬಿಸಿ, ಹಣೆಯನ್ನು ಹಿಂದಕ್ಕೆ ತಳ್ಳಿ, ಕೊಂಬನ್ನು ಮೊಟಕು ಮಾಡುತ್ತದೆ. ಆ ತಪ್ಪನ್ನು ಕೂದಲೆಳೆಯಷ್ಟೂ ಬಿಡದೆ ನಕಲು ಮಾಡಿ ನೈಜತೆ ಎನ್ನುತ್ತಾರೆ. ಡಚ್ ಕಲಾವಿದ ಪೌಲಸ್ ಪಾಟರ್ 1647ರಲ್ಲಿ ಬರೆದ ಹೋರಿ, ಬೇರೆ ಬೇರೆ ವಯಸ್ಸಿನ ಪ್ರಾಣಿಗಳನ್ನು ನೋಡಿ ಜೋಡಿಸಿದ್ದು. ಆದರೂ ಹೆಚ್ಚುಕಡಿಮೆ ಆಳೆತ್ತರದ ಆ ಹೋರಿ ಇವತ್ತಿಗೂ ಹೇಗ್ ನಗರದಲ್ಲಿ ಉಸಿರಾಡುತ್ತಾ ನಿಂತಿದೆ.

ಹಳ್ಳಿಕಾರಿನ ಕೊಂಬು ನೆತ್ತಿಯ ಮೇಲೆ ಒಂದಕ್ಕೊಂದು ತೀರ ಹತ್ತಿರ ಹುಟ್ಟಿ, ಜೊತೆಜೊತೆಯಾಗಿ ನೇರ ಹಿಂದಕ್ಕೆ ಸಾಗಿ, ಆಮೇಲೆ ಮುಂದಕ್ಕೆ ಬಾಗಿ ಮೊನೆಯಾಗುತ್ತದೆ. ಆ ಬಾಗು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ತಳಿಯ ಗುರುತಿದೆ. ಖಿಲ್ಲಾರಿಯದು ಹಿಂದೆ ಹೋಗಿ ಮೇಲಕ್ಕೆ ಏಳುತ್ತದೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಬರುವ ಜೋಡಿಗಳ ಕೊಂಬನ್ನು ಒಡೆಯರು ಹೆರೆದು, ಎಣ್ಣೆ ಸವರಿ ನಯ ಮಾಡಿರುತ್ತಾರೆ. ಹಾಗಾಗಿ ಮೈಗೆ ಒಣ ಕುಂಚವಾದರೆ ಕೊಂಬಿಗೆ ಹೊಳಪಿನ ಮೀಡಿಯಂ. ಎರಡರ ಮೇಲೂ ಬೆಳಕು ಬೇರೆ ಬೇರೆ ಥರ ಬೀಳಬೇಕು.

ಕೊಂಬು ಬರೆಯುವುದನ್ನು ಕಲಿಯಲು ನಾನು ಯಾವ ಪುಸ್ತಕವನ್ನೂ ಹೇಳುವುದಿಲ್ಲ, ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋಗಿ ಎನ್ನುತ್ತೇನೆ. ನವಶಿಲಾಯುಗದ ದನಗಾಹಿಗಳು ಅಲ್ಲಿನ ಕರಿಬಂಡೆಗಳನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಹಿಣಿಲಿನ ಗೂಳಿಗಳನ್ನು ಮೂಡಿಸಿದ್ದಾರೆ. ಮೈ ಎಂದರೆ ಒಂದು ಉದ್ದನೆಯ ಪಟ್ಟಿ, ಕಾಲುಗಳು ಕಡ್ಡಿಗಳು. ಕಣ್ಣಿಲ್ಲ, ಮೂಗಿಲ್ಲ. ಕೊಂಬಿಗೆ ಬಂದಾಗ ಮಾತ್ರ ಆ ಕೈ ಅವಸರ ಮಾಡಿಲ್ಲ. ಉದ್ದಕ್ಕೆ ಎಳೆದು, ಬಾಗನ್ನು ಅಳೆದು, ಎರಡು ಕೋಡಿನ ನಡುವಿನ ಬಯಲನ್ನೂ ಕಾಪಾಡಿದೆ. ಇದೇ ಸೀಮೆಯ ಕುಡತಿನಿಯಲ್ಲಿ ಸಗಣಿ ಸುಟ್ಟ ಬೂದಿಯ ದಿಬ್ಬ ಎಬ್ಬಿಸಿದ್ದೂ ಆ ಕಾಲದ ದನಗಾಹಿಗಳೇ. ಬೆಳಗೆದ್ದರೆ ದನ, ರಾತ್ರಿಯಾದರೆ ದನ ಎಂದು ಬದುಕಿದವರಿಗೆ ಪ್ರಾಣಿಯಲ್ಲಿ ಯಾವುದು ಮುಖ್ಯವೆಂದು ಗೊತ್ತಿತ್ತು. ಇನ್ನೂ ಒಂದು ಮಾತು. ಅವರು ಬಣ್ಣ ಬಳಿದಿಲ್ಲ. ಬಂಡೆಯ ಕಪ್ಪು ಮೈಯನ್ನು ಕುಟ್ಟಿ ತೆಗೆದಲ್ಲಿ ತಿಳಿಯಾದ ಗೂಳಿ ಕಂಡಿದೆ. ಕಪ್ಪಿನಿಂದ ಬೆಳಕಿಗೆ ಬರುವ ಈ ದಾರಿ ಹೊಸದೇನಲ್ಲ. ಆ ಗುಡ್ಡದ ಸುತ್ತ ಕಲ್ಲುಗಣಿಯ ಸದ್ದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ನೆಲದ ಇಷ್ಟು ಹಳೆಯ ದನದ ಚಿತ್ರಶಾಲೆಯನ್ನು ಜಲ್ಲಿಗಾಗಿ ಒಡೆಯಬಾರದು.

ಚಿತ್ರ ಮುಗಿದ ಮೇಲೆ ದನ ಸಾಕಿದ ಒಬ್ಬರಿಗೆ ತೋರಿಸಿ. ಯಾವ ತಳಿ ಎಂದು ಕೇಳಿದರೆ ಕೊಂಬನ್ನು ಮತ್ತೆ ಬರೆಯಿರಿ. ಎಷ್ಟು ಹಲ್ಲಾಗಿದೆ ಎಂದು ಕೇಳಿದರೆ ಫ್ರೇಮು ಹಾಕಿಸಿ.

ಬೀದರಿನ ದೇವಣಿಯ ಕಪ್ಪುಬಿಳಿ ಮಚ್ಚೆಗಳಿಗೆ ಈ ಕ್ರಮ ನಡೆಯುವುದಿಲ್ಲ, ಅಲ್ಲಿ ಮಚ್ಚೆಯ ಅಂಚೇ ದೊಡ್ಡ ಪ್ರಶ್ನೆ. ಅದು ಮುಂದಿನ ವಾರ.