ಹಸು ಯಾರದು, ಹಾಲು ಕರೆದವರು ಯಾರು?

ವಿಚ್ಛೇದನ, ಜೀವನಾಂಶದ ತೀರ್ಪುಗಳನ್ನು ನಾನು ಕಥೆ ಓದುವಂತೆಯೇ ಓದುತ್ತೇನೆ: ಇಲ್ಲಿ ಯಾರಿಗೆ ಮಾತು ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ?

ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟದ್ದು ಮಹತ್ವದ ತೀರ್ಪು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು, ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು ಎಂದಿತು. ಕೃಷಿಕರಿಗೆ ಬೇರೆಯೇ ನಮೂನೆ ಕೊಟ್ಟಿತು: ಜಮೀನೆಷ್ಟು, ತರಿಯೋ ಖುಷ್ಕಿಯೋ, ಬೆಳೆ ಯಾವುದು, ಹಸು ಎಮ್ಮೆ ಎಷ್ಟು, ಅವುಗಳ ಆದಾಯವೆಷ್ಟು.

ಈ ನಮೂನೆಯನ್ನು ಕೋಲಾರ ಜಿಲ್ಲೆಯಲ್ಲಿಟ್ಟು ಓದಿ. ಮಾಲೂರಿನ ಹಳ್ಳಿಯಲ್ಲಿ ಹಾಲು ಕರೆದು ಡೇರಿಗೆ ಹಾಕುವವಳು, ಮುಳಬಾಗಿಲಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳು ಸಾಕುವವಳು, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ, ಕೋಲಾರದ ಟೊಮ್ಯಾಟೊ ಹೊಲದಲ್ಲಿ ದುಡಿಯುವವಳು ಹೆಂಡತಿ. ಪಹಣಿ ಮಾತ್ರ ಎಷ್ಟೋ ಕಡೆ ಮಾವನ ಹೆಸರಲ್ಲಿ. ‘ನನ್ನ ಹೆಸರಲ್ಲಿ ಏನೂ ಇಲ್ಲ’ ಎಂದು ಗಂಡ ಬರೆದರೆ ಅದು ಅಕ್ಷರಶಃ ನಿಜ. ಹಸು ಯಾರದೆಂದು ನಮೂನೆ ಕೇಳುತ್ತದೆ. ಅವಳ ದುಡಿಮೆಗೆಂದು ಪ್ರತ್ಯೇಕ ಕಾಲಂ ಇಲ್ಲ.

ಸಂಸಾರಕ್ಕಾಗಿ ನೌಕರಿ ಬಿಟ್ಟ ವಿದ್ಯಾವಂತೆಯ ನಷ್ಟಕ್ಕೆ ಅದೇ ತೀರ್ಪು ಬೆಲೆ ಕೊಡುತ್ತದೆ. ಬಿಡಲು ನೌಕರಿಯೇ ಇಲ್ಲದೆ, ಒಂದು ದಿನವೂ ಕೆಲಸ ಬಿಡದವಳ ಗತಿ? ಅವಳ ಕಥೆ ಪಾಟೀಸವಾಲಿನವರೆಗೆ ಕಾಯಬೇಕು. ಕುಟುಂಬ ನ್ಯಾಯಾಲಯದ ನ್ಯಾಯಾಧೀಶರು ಕೆದಕಿ ಕೇಳಿದರೆ ದಾಖಲಾದೀತು. ನನ್ನ ಆಕ್ಷೇಪ ಇಷ್ಟೇ: ‘ಈ ಹೊಲದಲ್ಲಿ ದುಡಿದವರು ಯಾರು, ಎಷ್ಟು ವರ್ಷ?’ ಎಂಬ ಪ್ರಶ್ನೆ ನಮೂನೆಯಲ್ಲೇ ಇರಬೇಕಿತ್ತು.