‘ದಾರ’ ಪ್ರತ್ಯಯದ ದಿಗ್ವಿಜಯ

ಕರಿಯ ಹೂಜಿಯ ಮೈಮೇಲೆ ಹಬ್ಬಿದ ಬೆಳ್ಳಿಯ ಬಳ್ಳಿಯನ್ನು ಕಂಡು ಬೆರಗಾಗುವವರು ‘ಬಿದರಿ’ ಎಂಬ ಹೆಸರಿನ ಕೊನೆಯ ಇಕಾರವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಊರಿನ ಹೆಸರಿಗೆ ಹತ್ತಿ ‘ಅಲ್ಲಿಯದು’ ಎಂಬರ್ಥವನ್ನೀಯುವ ಆ ಪಾರಸಿ ಪ್ರತ್ಯಯವು, ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಪಾರಸಿಯೂ ಅನಂತರ ಉರ್ದುವೂ ದಫ್ತರಗಳಲ್ಲಿ ಮೆರೆದ ಈ ನಾಡಿನಲ್ಲಿ, ಬೆಳ್ಳಿಗಿಂತಲೂ ನಯವಾಗಿ ಹುದುಗಿದ ಕುಸುರಿ.

ನನ್ನ ವಿಶೇಷ ಪ್ರೀತಿಯಾದರೋ ‘ದಾರ’ನ ಮೇಲೆ. ಹೊಂದಿದವನು ಎಂಬರ್ಥದ ಇದು ಜಮೀನ್ದಾರ, ಪಟ್ಟೇದಾರರೊಡನೆ ಬಂದಿತಾದರೂ ಅವರ ಹಂಗಿನಲ್ಲೇ ಉಳಿಯದೆ, ಅಚ್ಚಗನ್ನಡದ ಪಾಲನ್ನು ಹಿಡಿದು ಪಾಲುದಾರನಾಯಿತು, ಗುತ್ತಿಗೆಯನ್ನು ಹಿಡಿದು ಗುತ್ತಿಗೆದಾರನಾಯಿತು, ಆಂಗ್ಲರ ಷೇರನ್ನೂ ಬಿಡದೆ ಷೇರುದಾರನಾಯಿತು, ಕಡೆಗೆ ಸಂಸ್ಕೃತದ ಮತವನ್ನೇ ಕೈವಶಮಾಡಿಕೊಂಡು ಮತದಾರನಾಗಿ ಪ್ರಜಾರಾಜ್ಯದ ಸಿಂಹಾಸನವನ್ನೇರಿತು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನಿಗೆ ಸಂಸ್ಕೃತ ಕನ್ನಡಗಳ ಸಮಾಸವೇ ಅರಿಸಮಾಸ; ಈ ಮತದಾರನನ್ನು ಕಂಡಿದ್ದರೆ ಯಾವ ಸೂತ್ರದಿಂದ ದಂಡಿಸುತ್ತಿದ್ದನೋ! ಲಂಚಗುಳಿಯ ಪೀಠದಲ್ಲಿ ಲಂಚಕೋರನು ಬಂದು ಕುಳಿತದ್ದೂ ಇದೇ ಪರಿ. ಪಾರಸಿಯ ‘ಖೋರ’ನೆಂದರೆ ತಿನ್ನುವವನು, ಕನ್ನಡಿಗರೂ ಲಂಚವನ್ನು ತಿನ್ನುವವರೇ ಆದುದರಿಂದ ಅತಿಥಿಗೆ ಎಡೆ ಸುಲಭವಾಗಿ ದೊರೆಯಿತು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿ ಒಳಗೆ ಕನ್ನಡ ಕಲಿಸಿದರೆಂಬುದು ಪ್ರಸಿದ್ಧ. ಶಾಲೆಯಲ್ಲಿ ಹೇರಿದುದನ್ನು ಹೀಗೆ ಉಪಾಯದಿಂದ ಎದುರಿಸಿದ ಸೀಮೆಯೇ ಪೇಟೆಯಲ್ಲಿ ‘ದಾರ’ನನ್ನು ಒಲಿದು ಕರೆಯಿತು.

ಇಷ್ಟು ಉದಾರವಾದ ನುಡಿ ಮುಂದೆ ಹತ್ತುವ ಉಪಸರ್ಗಗಳ ವಿಷಯದಲ್ಲಿ ಬಿಗಿಮುಷ್ಟಿಯದು. ಹಿಂದೆ ಹಿಂದೆ ಪೋಣಿಸಿಕೊಂಡು ಹೋಗುವುದೇ ಕನ್ನಡದ ಪ್ರಕೃತಿ. ಜಾವಾ ದ್ವೀಪದ ಪಶ್ಚಿಮದ ಸುಂದಾ ಭಾಷೆಯಂತೆ, ಮಗುವೆಂಬರ್ಥದ ‘ಬುದಕ್’ ಶಬ್ದದ ಒಡಲನ್ನೇ ಸೀಳಿ ‘ಅರ್’ ಎಂಬುದನ್ನಿರಿಸಿ ಮಕ್ಕಳೆಂಬ ‘ಬರುದಕ್’ ರೂಪವನ್ನು ಪಡೆಯುವ ಸಾಹಸ ನಮ್ಮದಲ್ಲ. ಬೇ, ಗೈರು, ನಾ ಎಂಬುವು ಬಂದುವು, ನಿಜ. ಜನವಸತಿಯಿಲ್ಲದ ಊರನ್ನು ಕಂದಾಯದ ಕಡತಗಳು ‘ಬೇಚರಾಕ್ ಗ್ರಾಮ’ವೆನ್ನುತ್ತವೆ, ಚಿರಾಗು, ಎಂದರೆ ದೀಪ, ಇಲ್ಲದ್ದು. ತಲಾಟಿಯ ಬರೆಹದಲ್ಲಿ ಎಂಥ ಕಾವ್ಯ! ಆದರೆ ಈ ‘ಬೇ’ ತನ್ನ ಬಳಗದ ಜವಾಬ್ದಾರಿ, ಕಾಯ್ದೆಗಳನ್ನು ಬಿಟ್ಟು ನಮ್ಮ ಮನೆಗಾಗಲಿ ಹೊಲಕ್ಕಾಗಲಿ ಹತ್ತಲಿಲ್ಲ. (ಔರಾದಿನ ಕಡೆಯ ‘ಗೈರಾಣ’ದಲ್ಲಿ ‘ಗೈರು’ ಕಾಣುವವರು ಮೋಸಹೋಗುತ್ತಾರೆ, ಅದು ಮರಾಠಿಯ ಗಾಯ್, ಎಂದರೆ ಆಕಳು, ಮೇಯುವ ರಾನು.)

ಔರಾದ, ಭಾಲ್ಕಿಗಳ ವಾಚಕರು ತಮ್ಮ ಮನೆಯ ಹಳೆಯ ಪಹಣಿ, ಖರೀದಿಪತ್ರಗಳನ್ನು ತಿರುವಿಹಾಕುವಾಗ ಅಚ್ಚಗನ್ನಡದ ಶಬ್ದಕ್ಕೆ ‘ಬೇ’ ಹತ್ತಿದ ಒಂದೇ ಒಂದು ರೂಪ ದೊರೆತರೂ, ದಯವಿಟ್ಟು ಕಾಗದದ ಕಾಲಮಾನದೊಡನೆ ಈ ಅಂಕಣಕ್ಕೆ ಬರೆದು ತಿಳಿಸಬೇಕು.